ಕೇಳುವ ಅಧಿಕಾರ

ಶೂ ಲೇಸು ಕಟ್ಟಲು ಬಗ್ಗಿದವನು ಬಗ್ಗಿಕೊಂಡೇ ಉಳಿದ. ಎದ್ದರೆ ಕೋರ್ಟಿಗೆ ಹೋಗಬೇಕು, ಹೋದರೆ ಹನ್ನೊಂದಕ್ಕೆ ಆ ಆದೇಶ ಓದಬೇಕು, ಓದಬೇಕಾದರೆ ಅದಕ್ಕೊಂದು ಕೊನೆಯ ಪ್ಯಾರಾ ಇರಬೇಕು. ಅದೇ ಇರಲಿಲ್ಲ. ಐವತ್ತಾರು ವರ್ಷದ ನ್ಯಾಯಾಧೀಶ, ಲೇಸಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ನಾಲ್ಕು ಬೆರಳಿಲ್ಲದವರು ಇದನ್ನು ಹೇಗೆ ಕಟ್ಟುತ್ತಾರೆ ಎಂದು ಯೋಚಿಸಿದ. ಬಲಗೈಯ ನಾಲ್ಕೂ ಬೆರಳು ಮಡಿಸಿ ಹೆಬ್ಬೆರಳೊಂದರಲ್ಲೇ ಪ್ರಯತ್ನಿಸಿ ನೋಡಿದ. ಲೇಸು ಜಾರಿತು. ಇನ್ನೊಮ್ಮೆ ಮಾಡಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆಂದು ತಿಳಿದಾಗ ಕಿವಿ ಬಿಸಿಯಾಗಿ, ಗಡಿಬಿಡಿಯಲ್ಲಿ ಎರಡೂ ಕೈ ಸೇರಿಸಿ ಗಂಟು ಹಾಕಿಬಿಟ್ಟ.

"ಏನಾಯ್ತು, ಸೊಂಟ ಹಿಡ್ಕೊಳ್ತಾ?"

"ಏನಿಲ್ಲ."

"ಇವತ್ತೇ ಅಲ್ವಾ ಆ ಕೈ ಕೇಸು?"

ಕೇಸುಗಳ ಬಗ್ಗೆ ಮನೆಯಲ್ಲಿ ಮಾತಾಡಬಾರದು ಎಂಬುದು ಅವನದೇ ನಿಯಮ. ಮಾತಾಡಿದ್ದವನೂ ಅವನೇ. ಹೆಂಡತಿ ಕೋಟಿನ ಹೆಗಲ ಮೇಲಿನ ಕೂದಲೊಂದನ್ನು ತೆಗೆದು, "ಪಟ್ಟಿ ಈ ವಾರಾನೇ ಹೋಗುತ್ತಂತೆ," ಎಂದಳು. ಯಾವ ಪಟ್ಟಿ ಎಂದು ಅವನು ಕೇಳಲಿಲ್ಲ. ಕೇಳಿದರೆ ನಾಟಕವಾಗುತ್ತಿತ್ತು.

ಕೇಸೇನೂ ಅಂಥ ಕಷ್ಟದ್ದಲ್ಲ. ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ಚಾದರಗಳನ್ನು ಇಸ್ತ್ರಿ ಮಾಡುವ ದೊಡ್ಡ ಉರುಳೆಗಳ ಯಂತ್ರ ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳ ಬಲಗೈಯ ನಾಲ್ಕು ಬೆರಳುಗಳನ್ನು ಚಾದರದ ಜೊತೆಗೇ ಒಳಗೆಳೆದುಕೊಂಡಿತು. ಪರಿಹಾರ ಕೊಡಿಸಿ ಎಂದು ಅವಳು ಮೊದಲು ಹೋದದ್ದು ಸರ್ಕಾರಿ ನೌಕರರ ಟ್ರಿಬ್ಯೂನಲ್ಲಿಗೆ. ಅಲ್ಲಿ ಸರ್ಕಾರ ಹೇಳಿತು: ಇವಳು ನಮ್ಮ ನೌಕರಳೇ ಅಲ್ಲ, ಗುತ್ತಿಗೆದಾರ ಕರೆತಂದವಳು, ಸಿವಿಲ್ ಕೋರ್ಟಿಗೆ ಹೋಗಲಿ. ಟ್ರಿಬ್ಯೂನಲ್ಲು ನಾಲ್ಕು ವರ್ಷ ಯೋಚಿಸಿ ಹೌದೆಂದಿತು. ಅವಳು ಕಾಗದ ಎತ್ತಿಕೊಂಡು ಇಲ್ಲಿಗೆ, ಅವನ ಕೋರ್ಟಿಗೆ ಬಂದಳು. ಇಲ್ಲಿ ಸರ್ಕಾರ ಹೇಳಿತು: ಹನ್ನೊಂದು ವರ್ಷ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದವಳು ನೌಕರಳಲ್ಲದೆ ಇನ್ನೇನು, ಟ್ರಿಬ್ಯೂನಲ್ಲಿಗೆ ಹೋಗಲಿ. ಎತ್ತು ಏರಿಗೆ, ಕೋಣ ನೀರಿಗೆ. ಇಲ್ಲಿ ವಿಚಿತ್ರವೆಂದರೆ ಎತ್ತೂ ಕೋಣವೂ ಒಬ್ಬನದೇ. ಯಂತ್ರಕ್ಕೆ ಮುಚ್ಚಳವಿತ್ತೇ, ಇರಲಿಲ್ಲವೇ, ತಪ್ಪು ಯಾರದು ಎಂದು ಈ ಏಳು ವರ್ಷಗಳಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವಳ ಮಾತು ಕೇಳಬೇಕಾದವರು ಯಾರು ಎಂಬುದರಲ್ಲೇ ಏಳು ವರ್ಷ ಕಳೆದಿತ್ತು.

ಕಾರಿನಲ್ಲಿ ಕೂತಾಗ ಅವನು ಮತ್ತೆ ಎಣಿಸಿದ. ದಾವೆಯನ್ನು ಇಟ್ಟುಕೊಳ್ಳಬಹುದು ಎನ್ನುವ ಹಳೆಯ ತೀರ್ಪುಗಳು ಐದು. ಹಿಂತಿರುಗಿಸಬೇಕು ಎನ್ನುವವೂ ಐದು. ಹಿಂತಿರುಗಿಸಿದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಅದೇ ಅವನನ್ನು ಕೊರೆಯುತ್ತಿದ್ದದ್ದು. ತಪ್ಪು ಮಾಡಲು ಹೊರಟವನಿಗೆ ಭಯವಾದರೂ ಆಗುತ್ತದೆ. ಸರಿಯಾದದ್ದನ್ನು ಕೆಟ್ಟ ಕಾರಣಕ್ಕೆ ಮಾಡಹೊರಟವನಿಗೆ ಬರೀ ನಾಚಿಕೆ, ಹೇಳಿಕೊಳ್ಳಲಾಗದ ಜಾಗದಲ್ಲಿ ಎದ್ದ ತುರಿಕೆಯ ಹಾಗೆ. ಮೇಲಿನ ಕೋರ್ಟಿಗೆ ಬಡ್ತಿ ಪಡೆಯುವವರ ಪಟ್ಟಿಯಲ್ಲಿ ಅವನ ಹೆಸರಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಪಟ್ಟಿಯ ಬಗ್ಗೆ ಸರ್ಕಾರದ ಅಭಿಪ್ರಾಯ ಕೇಳುತ್ತಾರೆ ಎಂಬುದೂ ಗೊತ್ತಿತ್ತು. ನಿವೃತ್ತಿಯ ಸಮಾರಂಭವೊಂದರಲ್ಲಿ ಹಿರಿಯ ನ್ಯಾಯಾಧೀಶರೊಬ್ಬರು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು, "ಹಾವೂ ಸಾಯಬಾರದು, ಕೋಲೂ ಮುರೀಬಾರದು ಕಣಯ್ಯ, ಈ ಆರು ತಿಂಗಳು," ಎಂದು ನಕ್ಕಿದ್ದರು. ಅವನೂ ನಕ್ಕಿದ್ದ. ಮನೆಗೆ ಬಂದು ಕನ್ನಡಿಯಲ್ಲಿ ಆ ನಗು ಹೇಗಿತ್ತೆಂದು ನೋಡಲು ಹೋಗಿ ನೋಡದೆ ಬಂದಿದ್ದ. ಅಲ್ಲಿಂದೀಚೆಗೆ ಆದೇಶವನ್ನು ಐದು ಸಲ ಮುಂದೂಡಿದ್ದ. ಐದು ಸಲವೂ ಆ ಹೆಂಗಸು ಮೂರನೇ ಬೆಂಚಿನ ತುದಿಯಲ್ಲಿ ಕೂತು, ತಾರೀಖು ಹೇಳಿದ ಕೂಡಲೇ ಎದ್ದು, ಬಲಗೈಯನ್ನು ಸೆರಗಿನೊಳಗಿಟ್ಟುಕೊಂಡು ಹೊರಟುಹೋಗುತ್ತಿದ್ದಳು. ಒಂದು ಸಲವಾದರೂ ಮುಖ ಗಂಟಿಕ್ಕಿಕೊಂಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಒಬ್ಬಳು ತಾಯಿ ಮಗುವಿನ ಬೆನ್ನಿನ ಚೀಲ ಸರಿಮಾಡುತ್ತಿದ್ದಳು. ಅವನ ಚಿಕ್ಕಂದಿನಲ್ಲೊಮ್ಮೆ ಶಾಲೆಯ ಪ್ರವಾಸಕ್ಕೆ ಹೋಗಲು ಮನೆಯವರ ಸಹಿ ಬೇಕಿತ್ತು. ಅಮ್ಮನ ಹತ್ತಿರ ಹೋದರೆ "ನಿಮ್ಮಪ್ಪನ್ನ ಕೇಳು," ಅಪ್ಪನ ಹತ್ತಿರ ಹೋದರೆ "ನಿಮ್ಮಮ್ಮನ್ನ ಕೇಳು." ಅಡುಗೆಮನೆಯಿಂದ ಹೊರಕೋಣೆಗೆ, ಹೊರಕೋಣೆಯಿಂದ ಅಡುಗೆಮನೆಗೆ ಕಾಗದ ಹಿಡಿದುಕೊಂಡು ಓಡಾಡಿ ಅದರ ಮೂಲೆ ಬೆವರಿಗೆ ಮೆತ್ತಗಾಗಿತ್ತು. ಕೊನೆಗೆ ಅಕ್ಕ, ಹದಿನಾಲ್ಕು ವರ್ಷದವಳು, "ಕೊಡೋ ಇಲ್ಲಿ" ಎಂದು ಕಸಿದುಕೊಂಡು ಅಪ್ಪನ ಸಹಿ ತಾನೇ ಗೀಚಿಬಿಟ್ಟಳು. ಆಮೇಲೆ ಅದು ಗೊತ್ತಾಗಿ ಅಪ್ಪ ಅವಳ ಕೆನ್ನೆಗೆ ಬಾರಿಸಿದಾಗ ಅವನು ಅಲ್ಲೇ, ಪ್ರವಾಸದಿಂದ ತಂದ ಬಣ್ಣದ ಕಲ್ಲುಗಳನ್ನು ಜೇಬಿನಲ್ಲಿ ಹಿಡಿದು, ಸುಮ್ಮನೆ ನಿಂತಿದ್ದ. ಅದೇ ಅಕ್ಕ ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವನ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, "ನಿನ್ಹತ್ರ ಒಂದು ವಿಷಯ ಹೇಳ್ಬೇಕಿತ್ತು. ನಿಮ್ಮ ಭಾವನ್ದು," ಎಂದಿದ್ದಳು. ಅವನಿಗೆ ಮರುದಿನ ಓದಬೇಕಾದ ತೀರ್ಪು ಇತ್ತು. ಅದಕ್ಕಿಂತ ಹೆಚ್ಚಾಗಿ, ಕೇಳಿದರೆ ಏನಾದರೂ ಮಾಡಬೇಕಾಗುತ್ತದಲ್ಲ ಎಂಬ ಹೆದರಿಕೆ ಇತ್ತು. ನಗುತ್ತಲೇ ಹೇಳಿದ: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಕ್ಕ. ಮಧ್ಯದಲ್ಲಿ ನಾನು ಯಾರು?" ಅಕ್ಕ ಅವನನ್ನು ಒಂದು ಕ್ಷಣ ನೋಡಿ, "ಅದೂ ಸರಿಯೇ ಬಿಡು," ಎಂದು, ಟೀ ಪೂರ್ತಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು. ಈಗಲೂ ಫೋನು ಮಾಡುತ್ತಾಳೆ. ಮಂಡಿನೋವಿನ ಬಗ್ಗೆ ಮಾತಾಡುತ್ತಾಳೆ. ಅವತ್ತು ಹೇಳಬಂದದ್ದು ಏನೆಂದು ಅವನಿಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಮುಖ ಅವನಿಗಿಲ್ಲ.

ಕೋರ್ಟಿನ ಹಿಂಬದಿಯ ಕೋಣೆಯಲ್ಲಿ ಸ್ಟೆನೋ ಆಗಲೇ ಬಂದಿದ್ದ. ಹದಿಮೂರು ವರ್ಷದಿಂದ ಅವನ ಮಾತನ್ನು ಬರೆದುಕೊಳ್ಳುತ್ತಾ ಬಂದವನು. ಕನ್ನಡಕ ಕೊರಳಿನ ದಾರದಲ್ಲಿ, ಪೆನ್ಸಿಲ್ಲು ಕಿವಿಯ ಮೇಲೆ. ಕೆಮ್ಮಿದರೆ ಪೂರ್ಣವಿರಾಮ, ಕುರ್ಚಿ ಹಿಂದಕ್ಕೆ ವಾಲಿದರೆ ಹೊಸ ಪ್ಯಾರಾ ಎಂದು ಹೇಳದೆ ತಿಳಿದುಕೊಳ್ಳುವವನು. ಆದೇಶದ ಮೊದಲ ಹದಿನಾಲ್ಕು ಪುಟಗಳನ್ನು, ಎರಡೂ ಕಡೆಯ ವಾದಗಳನ್ನು, ನ್ಯಾಯಾಧೀಶ ಹೋದ ವಾರವೇ ಹೇಳಿ ಬರೆಸಿದ್ದ. ಕೊನೆಯದನ್ನು ಮಾತ್ರ ಬೆಳಿಗ್ಗೆ ಹೇಳುತ್ತೇನೆ ಎಂದಿದ್ದ. ಅದು ಅವನ ರೂಢಿ. ಕೊನೆಯ ಪ್ಯಾರಾವನ್ನು ಅದೇ ದಿನ ಬೆಳಿಗ್ಗೆ, ಕಿಟಕಿಯ ಕಡೆ ಮುಖ ಮಾಡಿ ನಿಂತು, ಹೇಳುವುದು. ಮನಸ್ಸು ಕೊನೆಯ ಗಳಿಗೆಯವರೆಗೂ ತೆರೆದಿರಬೇಕು ಎಂದು ಕಿರಿಯ ನ್ಯಾಯಾಧೀಶರಿಗೆ ತರಬೇತಿಯಲ್ಲಿ ಪಾಠ ಕೂಡ ಮಾಡಿದ್ದ.

ಮೇಜಿನ ಮೇಲಿದ್ದ ಪುಟಗಳನ್ನು ತಿರುವಿದ. ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿನೈದೂ ಇತ್ತು.

'ದಾವೆದಾರಳ ಸಂಕಷ್ಟದ ಬಗ್ಗೆ ಈ ನ್ಯಾಯಾಲಯಕ್ಕೆ ಪೂರ್ಣ ಸಹಾನುಭೂತಿಯಿದೆ. ಆದರೆ ಸಹಾನುಭೂತಿ ಅಧಿಕಾರವ್ಯಾಪ್ತಿಯನ್ನು ಸೃಷ್ಟಿಸಲಾರದು. ಆದ್ದರಿಂದ ದಾವೆಯನ್ನು ಸೂಕ್ತ ನ್ಯಾಯಪೀಠದ ಮುಂದೆ ಹಾಜರುಪಡಿಸಲು ಹಿಂತಿರುಗಿಸಲಾಗಿದೆ.' ಕೆಳಗೆ ಅವನ ಹೆಸರು, ಹುದ್ದೆ, ಇವತ್ತಿನ ತಾರೀಖು. ಸಹಿಗೆ ಬಿಟ್ಟ ಜಾಗ.

ಎರಡು ಸಲ ಓದಿದ. ತಾನು ಯಾವಾಗ ಹೇಳಿದೆ ಎಂದು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ.

"ಇದು ನಾನು ಹೇಳಿರ್ಲಿಲ್ಲ."

"ಇಲ್ಲ ಸರ್." ಸ್ಟೆನೋ ಮುಖದಲ್ಲಿ ಯಾವ ಕುಹಕವೂ ಇರಲಿಲ್ಲ. "ಸರ್ಕಾರದ ಕೇಸಲ್ವಾ. ಹಿಂದಿನ ಆರರಲ್ಲೂ ಇದೇ ಪ್ಯಾರಾ ಇತ್ತು. ಬೆಳಿಗ್ಗೆ ನಿಮಗೆ ಹೊತ್ತು ಉಳೀಲಿ ಅಂತ ಹಾಕಿಟ್ಟೆ. ಬೇಡ ಅಂದ್ರೆ ತೆಗೆದ್ಬಿಡ್ತೀನಿ."

ಆರು. ಅವನು ಎಣಿಸಿರಲಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ರಾತ್ರಿ ನಿದ್ದೆಗೆಟ್ಟಿದ್ದ, ಬೇರೆ ಬೇರೆ ಕಾರಣ ಹುಡುಕಿದ್ದ. ಪ್ರತಿ ಬೆಳಿಗ್ಗೆ ಕಿಟಕಿಯ ಮುಂದೆ ನಿಂತು, ಆ ಗಳಿಗೆಯಲ್ಲಿ ಹೊಳೆದಂತೆ, ಇದೇ ಮಾತನ್ನು ಹೇಳಿದ್ದ. ಸಹಾನುಭೂತಿಯ ಆ ವಾಕ್ಯ ಮೊದಲ ಸಲ ಬಾಯಿಂದ ಬಂದಾಗ ಎಷ್ಟು ಹೆಮ್ಮೆಪಟ್ಟಿದ್ದ! ಯಾರೋ ಅದನ್ನು ಭಾಷಣದಲ್ಲಿ ಬಳಸಿಕೊಂಡಿದ್ದರು. ಅವನ ಬೆನ್ನ ಹಿಂದೆ ಈ ಮನುಷ್ಯ ಪೆನ್ಸಿಲ್ಲು ಹಿಡಿದು, ಮಾತು ಬರುವ ಮೊದಲೇ ಬರೆದು ಮುಗಿಸಿ, ಪಾಪ, ಕಾಯುತ್ತಿದ್ದನೇನೋ. ಅವನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಕಡತದ ದಾರ ಬಿಗಿಯಾಗಿ ಕಟ್ಟಿಲ್ಲ ಎಂದು ಕೂಗಾಡಿದ. ಕಾಗದಗಳು ಬಿದ್ದುಹೋದರೆ ಯಾರು ಜವಾಬ್ದಾರಿ, ಇದೇನು ಸಂತೆಯೇ ಎಂದ. ಸ್ಟೆನೋ ದಾರ ಬಿಚ್ಚಿ ಮತ್ತೆ ಕಟ್ಟಿದ. ಮೊದಲೂ ಅದು ಬಿಗಿಯಾಗಿಯೇ ಇತ್ತು.

"ತಪ್ಪಾಯ್ತು ಸರ್," ಎಂದ ಸ್ಟೆನೋ ಕೊನೆಗೆ. ಆಮೇಲೆ, ಸಮಾಧಾನ ಮಾಡುವವನಂತೆ, "ಆಯಮ್ಮಂಗೂ ಗೊತ್ತು ಸರ್. ಬೆಳಿಗ್ಗೆ ಬಂದು ಕೇಳಿದ್ಲು, ಕಾಗದ ಎಲ್ಲಾ ಎಷ್ಟು ಹೊತ್ತಿಗೆ ವಾಪಸ್ ಕೊಡ್ತೀರಿ, ಟ್ರಿಬ್ಯೂನಲ್ ಆಫೀಸು ಎಷ್ಟು ಗಂಟೆವರೆಗೂ ಇರುತ್ತೆ ಅಂತ. ಚೀಲಾನೂ ತಂದಿದಾಳೆ."

ಚೀಲ! ಅವನು ಕಿಟಕಿಯ ಹತ್ತಿರ ಹೋಗಿ ನಿಂತ. ಅಂಗಳದಲ್ಲಿ ಸೈಕಲ್ಲುಗಳು, ಟೈಪು ಮಾಡುವವರ ಮೇಜುಗಳು, ಬಿಸಿಲಿಗೆ ಒಣಗುತ್ತಿದ್ದ ಯಾರದೋ ಕಪ್ಪು ಕೋಟು. ಅವನ ಮನಸ್ಸು ತೆರೆದಿದೆ ಎಂದು ನಂಬಿದ್ದವನು ಈ ಇಡೀ ಕಟ್ಟಡದಲ್ಲಿ ಅವನೊಬ್ಬನೇ. ಸ್ಟೆನೋಗೆ ಗೊತ್ತಿತ್ತು, ಸರ್ಕಾರಿ ವಕೀಲನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು, ಬೆರಳು ಕಳೆದುಕೊಂಡವಳು ಮನೆಯಲ್ಲಿ ಚೀಲ ಹುಡುಕಿ, ಅದು ಕಾಗದ ಹಿಡಿಸುವಷ್ಟು ದೊಡ್ಡದಿದೆಯೇ ಎಂದು ಬಿಡಿಸಿ ನೋಡಿ ತಂದಿದ್ದಳು. ಅವನಿಗೆ ಹದಿನೈದನೇ ಪುಟವನ್ನು ಹರಿಯಬೇಕೆನಿಸಿತು. ಹರಿದರೆ ಅದು ನ್ಯಾಯವೋ, ಸ್ಟೆನೋ ಮುಂದೆ ಮುಖ ಉಳಿಸಿಕೊಳ್ಳುವ ಉಪಾಯವೋ? ಬಡ್ತಿಗಾಗಿ ಕಳಿಸುವುದು ಹೇಸಿಗೆಯಾದರೆ, ಮಾನಕ್ಕಾಗಿ ಇಟ್ಟುಕೊಳ್ಳುವುದೇನು ದೊಡ್ಡಸ್ತಿಕೆ? ಹೇಗೆ ತಿರುಗಿಸಿ ನೋಡಿದರೂ ತನ್ನ ಮುಖವೇ ಕಾಣುತ್ತಿತ್ತು, ಹೆಂಗಸಿನದಲ್ಲ. ಹನ್ನೊಂದಕ್ಕೆ ಎರಡು ನಿಮಿಷವಿರುವಾಗ, ಕಾರಣ ಯಾವುದಾದರೂ ಹಾಳಾಗಿಹೋಗಲಿ ಎಂದುಕೊಂಡ. ಹದಿನೈದನೇ ಪುಟವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, "ಕೊನೇದನ್ನ ಅಲ್ಲೇ ಹೇಳ್ತೀನಿ, ಬರ್ಕೊಳ್ಳಿ," ಎಂದು ಒಳಗೆ ನಡೆದ. ಸ್ಟೆನೋ ಕಿವಿಯ ಮೇಲಿನ ಪೆನ್ಸಿಲ್ಲು ತಡಕಾಡಿಕೊಂಡದ್ದನ್ನು ಕಂಡು ಅವನಿಗೆ ಸಣ್ಣ ಖುಷಿಯಾಯಿತು. ಆ ಖುಷಿಗೂ ನಾಚಿಕೆಯಾಯಿತು.

ಎಲ್ಲರೂ ಎದ್ದು ನಿಂತರು, ಕೂತರು. ಅವಳು ಬೆಂಚಿನಲ್ಲಿರಲಿಲ್ಲ. ಕಾಗದ ಇಸಿದುಕೊಳ್ಳಲು ಅನುಕೂಲವಾಗಲೆಂದು ಗುಮಾಸ್ತರ ಮೇಜಿನ ಪಕ್ಕದಲ್ಲೇ, ಮಡಿಸಿದ ಚೀಲ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಸರ್ಕಾರಿ ವಕೀಲ ಬೇರೆ ಯಾವುದೋ ಕಡತ ಓದುತ್ತಿದ್ದ. ನ್ಯಾಯಾಧೀಶ ಆದೇಶ ಓದತೊಡಗಿದ. ಹದಿನಾಲ್ಕನೇ ಪುಟ ಮುಗಿಸಿ, ಕೆಮ್ಮಿ, ಹೇಳಿದ: ಸರ್ಕಾರ ಒಂದು ಬಾಗಿಲಲ್ಲಿ ನಿಂತು ಇವಳು ನಮ್ಮವಳಲ್ಲ ಎಂದು, ಇನ್ನೊಂದು ಬಾಗಿಲಲ್ಲಿ ನಮ್ಮವಳೇ ಎಂದು ಹೇಳುವಂತಿಲ್ಲ. ಮೊದಲು ಹೇಳಿದ ಮಾತಿಗೆ ಅದು ಕಟ್ಟುಬೀಳಬೇಕು. ಈ ದಾವೆಯನ್ನು ಕೇಳುವ ಅಧಿಕಾರ ಈ ನ್ಯಾಯಾಲಯಕ್ಕೆ ಇದೆ.

ಸರ್ಕಾರಿ ವಕೀಲ ಕಡತದಿಂದ ತಲೆಯೆತ್ತಿದ. ಅವನ ಮುಖದಲ್ಲಿ ಕೋಪವಿರಲಿಲ್ಲ. ತುಂಬಾ ದಿನದ ಪರಿಚಯದವನು ಎದುರಿಗೆ ಸಿಕ್ಕಿ ಗುರುತೇ ಹಿಡಿಯದೆ ಮುಂದೆ ಹೋದಾಗ ಆಗುವಂಥ ಪೆಚ್ಚು. ಹೆಂಗಸು ಎಡಗೈಯನ್ನು ಗುಮಾಸ್ತರ ಕಡೆ ಚಾಚಿದಳು.

"ಕೊಡಿ ಸ್ವಾಮಿ. ಹನ್ನೆರಡೂವರೆ ಬಸ್ಸಿದೆ."

"ಕಾಗದ ಕೊಡಲ್ಲಮ್ಮ, ಇಲ್ಲೇ ಇರುತ್ತೆ," ಎಂದ ಅವಳ ವಕೀಲ, ಅವನಿಗೂ ನಂಬಿಕೆ ಬಂದಿರಲಿಲ್ಲ. "ನಿಮ್ಮ ಕೇಸನ್ನ ಸಾಹೇಬ್ರೇ ಕೇಳ್ತಾರೆ."

ಅವಳು ಮೊದಲ ಸಲ ನ್ಯಾಯಾಧೀಶನ ಮುಖವನ್ನು ನೇರವಾಗಿ ನೋಡಿದಳು. "ನೀವೇ ಕೇಳ್ತೀರಾ?"

"ಹೌದು."

"ಹಾಗಾದ್ರೆ ಹೇಳ್ಲಾ?"

ಕೋರ್ಟಿನಲ್ಲಿ ನಗು ಹರಡಿತು. ವಕೀಲರು ನಕ್ಕರು, ಗುಮಾಸ್ತ ನಕ್ಕ, ಅವನೂ ನಕ್ಕುಬಿಟ್ಟ. ಅವಳು ಮಾತ್ರ ನಗಲಿಲ್ಲ, ಏನು ತಪ್ಪಾಡಿದೆ ಎಂಬಂತೆ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನ ನಗು ಬಾಯಲ್ಲೇ ಕಹಿಯಾಯಿತು. ಸಾಕ್ಷ್ಯಕ್ಕೆ ಬೇರೆ ದಿನವಿದೆ, ಮುಂದಿನ ತಿಂಗಳು, ಆಗ ಪ್ರಮಾಣ ಮಾಡಿ ಹೇಳಬೇಕು ಎನ್ನಲು ಬಾಯಿ ತೆರೆದಿದ್ದ. ಮುಂದಿನ ತಿಂಗಳು! ಈ ಆದೇಶದ ಮೇಲೆ ಸರ್ಕಾರ ಮೇಲ್ಮನವಿ ಹೋಗುತ್ತದೆ. ಅದು ಮುಗಿಯುವ ಹೊತ್ತಿಗೆ ಈ ಕುರ್ಚಿಯಲ್ಲಿ ಯಾರಿರುತ್ತಾರೋ. ಒಂದು ಸಲ, ಈ ಒಂದೇ ಒಂದು ಸಲ, ಹೇಳಬಂದವಳನ್ನು ತಾನು ತಡೆಯಬಾರದು ಎಂದು ಅವನಿಗೆ ಎಷ್ಟು ಬಲವಾಗಿ ಅನಿಸಿತೆಂದರೆ, ಮೂವತ್ತು ವರ್ಷದ ಅಭ್ಯಾಸ ಪಕ್ಕಕ್ಕೆ ಸರಿಯಿತು.

"ಹೇಳಿ," ಎಂದ.

ಸರ್ಕಾರಿ ವಕೀಲ ಎದ್ದ. "ಮಹಾಸ್ವಾಮಿ, ಇದು ಸಾಕ್ಷ್ಯದ ಹಂತ ಅಲ್ಲ."

"ಗೊತ್ತು. ಪ್ರಮಾಣ ಇಲ್ಲ, ದಾಖಲೆ ಇಲ್ಲ. ಎರಡು ನಿಮಿಷ ಕೇಳ್ತೀನಿ ಅಷ್ಟೆ. ಕೂತ್ಕೊಳ್ಳಿ." ಸ್ಟೆನೋ ಕಡೆ ತಿರುಗಿ, "ಇದನ್ನ ಬರ್ಕೋಬೇಡಿ," ಎಂದ. ಸ್ಟೆನೋ ಪೆನ್ಸಿಲ್ಲನ್ನು ಕೆಳಗಿಟ್ಟ. ಅವಳ ವಕೀಲ ಏನೋ ಹೇಳಲು ಅವಳ ತೋಳು ಮುಟ್ಟಿದ. ಅವಳು ಕೊಡವಿಕೊಂಡಳು.

ಅವಳು ಸೆರಗಿನೊಳಗಿಂದ ಬಲಗೈ ತೆಗೆದು ಗುಮಾಸ್ತರ ಮೇಜಿನ ಅಂಚಿನ ಮೇಲಿಟ್ಟಳು. ನಾಲ್ಕು ಬುಡಗಳು ನಯವಾಗಿ, ಹೊಳೆಯುವಂತಿದ್ದವು. ಹೆಬ್ಬೆರಳು ಮಾತ್ರ ಒಬ್ಬಂಟಿಯಾಗಿ ಆಡುತ್ತಿತ್ತು. ಧ್ವನಿ ಅವನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು, ಯಂತ್ರಗಳ ಸದ್ದಿನ ಮಧ್ಯೆ ಮಾತಾಡಿ ರೂಢಿಯಾದವರದ್ದು.

"ಏಳು ವರ್ಷದಿಂದ ಇದನ್ನೇ ಬಾಯಿಪಾಠ ಮಾಡ್ಕೊಂಡು ಬರ್ತಿದೀನಿ ಸ್ವಾಮಿ. ಬಸ್ಸಲ್ಲಿ ಹೇಳ್ಕೋತೀನಿ, ಪಾತ್ರೆ ತೊಳೀತಾ ಹೇಳ್ಕೋತೀನಿ. ಯಾರು ಯಾವಾಗ ಕೇಳ್ತಾರೋ ಅಂತ." ಚೀಲವನ್ನು ಕಂಕುಳಿಗೆ ಸರಿಸಿಕೊಂಡಳು. "ಅವತ್ತು ಬುಧವಾರ. ಮೇಲ್ವಿಚಾರಕರು ಬಂದು, ರಾಶಿ ಬಿದ್ದಿದೆ, ಬೇಗ ಹಾಕಮ್ಮಾ ಅಂದ್ರು. ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ರು. ನಾನಂದೆ, ಸಾರ್, ಮುಚ್ಚಳ ಇಲ್ವಲ್ಲ ಅಂತ…"

ಅವನು ಬುಧವಾರ ಎಂಬ ಮಾತಿಗೇ ನಿಂತುಬಿಟ್ಟಿದ್ದ. ಕಡತದಲ್ಲಿ ಗುರುವಾರವಿದೆ. ನಾಲ್ಕು ಸಲ ಓದಿದ್ದಾನೆ: ಆಸ್ಪತ್ರೆಯ ಪುಸ್ತಕ, ಅವಳದೇ ಮೊದಲ ದೂರು, ಹೊಲಿಗೆ ಹಾಕಿದ ವೈದ್ಯರ ಚೀಟಿ, ಎಲ್ಲದರಲ್ಲೂ ಗುರುವಾರ. ಬುಧವಾರ ಯಂತ್ರ ರಿಪೇರಿಗೆಂದು ಇಡೀ ದಿನ ನಿಂತಿತ್ತು. ಮುಚ್ಚಳ ಬಿಚ್ಚಿದ್ದು ಬುಧವಾರ, ಹಾಕದೆ ಓಡಿಸಿದ್ದು ಗುರುವಾರ. ಅವಳ ಕೇಸಿಗೆ ಇದ್ದ ಗಟ್ಟಿ ಆಧಾರವೇ ಆ ಒಂದು ದಿನದ ಅಂತರ. ಸಾವಿರ ಸಲ ಹೇಳಿಕೊಂಡು ಹೇಳಿಕೊಂಡು, ಬಸ್ಸಿನಲ್ಲೋ ಪಾತ್ರೆಯ ಮುಂದೋ, ಯಾವುದೋ ಒಂದು ಸಲ ಎರಡು ದಿನಗಳೂ ಅವಳೊಳಗೆ ಒಂದಾಗಿಹೋಗಿದ್ದವು. ಎರಡು ವರ್ಷದ ಹಿಂದೆ ಕೇಳಿದ್ದರೆ, ಎಂಟು ತಿಂಗಳ ಹಿಂದೆ ಕೇಳಿದ್ದರೆ, ಬಹುಶಃ ಗುರುವಾರ ಎನ್ನುತ್ತಿದ್ದಳು.

ಕೆಳಗೆ ಸರ್ಕಾರಿ ವಕೀಲ ಪೆನ್ನಿನ ಮುಚ್ಚಳ ತೆಗೆದ. ಆತುರವಿಲ್ಲದೆ ಒಂದೇ ಒಂದು ಪದ ಬರೆದು, ಅದರ ಕೆಳಗೆ ಗೆರೆ ಎಳೆದ. ಇಷ್ಟು ಜನರ ಮುಂದೆ, ಸ್ವತಃ ನ್ಯಾಯಾಧೀಶರ ಮುಂದೆ, ನೀನು ಬುಧವಾರ ಎನ್ನಲಿಲ್ಲವೇ ಎಂದು ಮುಂದೆ ಆ ವಕೀಲ ಅವಳನ್ನು ಕೇಳುವ ಧ್ವನಿ ನ್ಯಾಯಾಧೀಶನಿಗೆ ಈಗಲೇ ಕೇಳಿಸಿತು. ನಿಂತ ಯಂತ್ರ ಬೆರಳು ತಿನ್ನುತ್ತದೆಯೇ ತಾಯಿ? ಎರಡು ನಿಮಿಷದ ಕರುಣೆಯಿಂದ ಅವನು ಅವಳಿಗೆ ಕೊಟ್ಟದ್ದು ಇದು. ಗುರುವಾರ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ನ್ಯಾಯಾಧೀಶ ಕಕ್ಷಿದಾರಳಿಗೆ ಮಾತು ಎತ್ತಿಕೊಡುವಂತಿಲ್ಲ. ಕೊಟ್ಟರೆ ನಾಳೆಯೇ ಈ ಕೇಸು ಅವನ ಕೈಯಿಂದ ಹೋಗುತ್ತದೆ, ಅದರ ಜೊತೆ ಇನ್ನೂ ಏನೇನೋ. ಕಾನೂನು ಇಲ್ಲಿಯೂ ಅವನ ಪರವಾಗಿಯೇ ಇತ್ತು. ಬಾಯಿ ಮುಚ್ಚಿಕೊಂಡು ಕೂತ. ಎಷ್ಟು ಪಾಲು ಕಾನೂನಿಗಾಗಿ, ಎಷ್ಟು ಪಾಲು ಹೆದರಿ ಎಂದು ಲೆಕ್ಕ ಹಾಕುವ ಧೈರ್ಯವೂ ಅವನಿಗಿರಲಿಲ್ಲ.

ಅವಳ ವಕೀಲ ಮುಖ ಬಿಳಿಚಿಕೊಂಡು ಅವಳ ಕಿವಿಯ ಹತ್ತಿರ ಬಗ್ಗಿ, "ಯಾವ ವಾರ ಅಂದ್ರಿ ಅಮ್ಮಾ? ಸರಿಯಾಗಿ ಯೋಚ್ನೆ ಮಾಡಿ," ಎಂದ.

ಅವಳು ವಕೀಲನ ಕಡೆ ತಿರುಗಲೂ ಇಲ್ಲ. ಏಳು ವರ್ಷದಲ್ಲಿ ಮೊದಲ ಸಲ ಕೇಳುವವನೊಬ್ಬ ಸಿಕ್ಕಿದ್ದ. ಅವನ ಮುಖದಿಂದ ಕಣ್ಣು ಕೀಳದೆ, ಬೆಳಗಿದ ಮುಖದಲ್ಲಿ, ದೊಡ್ಡ ಧ್ವನಿಯಲ್ಲಿ ಹೇಳಿದಳು:

"ಬುಧವಾರಾನೇ. ಅದನ್ನ ಹೇಗೆ ಮರೀತೀನಿ?"